ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ: ನನ್ನ ಡ್ಯುಯಲ್ ಬೂಟ್ ಪಾಡು

ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕೂತೆ. ಹತ್ತೂವರೆಗೆ ಮುಗಿಸಿ ಮಲಗುವ ಅಂದಾಜಿತ್ತು. ಮುಗಿದದ್ದು ಸೋಮವಾರ ರಾತ್ರಿ. ಇಷ್ಟರಲ್ಲಿ ಡಿಸ್ಕನ್ನು ಭಾಗ ಮಾಡಿ ವಿಂಡೋಸಿನ ಪಕ್ಕದಲ್ಲೇ ಉಬುಂಟು ಎಂಬ ಲಿನಕ್ಸ್ ಹಾಕುವುದಕ್ಕೆ (ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್, ಅದೇ ಡ್ಯುಯಲ್ ಬೂಟ್) ನಿಜವಾಗಿ ಹಿಡಿದದ್ದು ಮುಕ್ಕಾಲು ಗಂಟೆ. ಮಿಕ್ಕ ಹೊತ್ತನ್ನೆಲ್ಲ ನಾನು ಮೊದಲೇ ನೋಡಿಕೊಳ್ಳದೆ ಬಿಟ್ಟ ನಾಲ್ಕೈದು ಸಣ್ಣ ಸಂಗತಿಗಳು ತಿಂದುಹಾಕಿದವು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ನೀವೂ ಇದಕ್ಕೆ ಕೈಹಾಕುವವರಿದ್ದರೆ ನಿಮ್ಮ ಒಂದೆರಡು ರಾತ್ರಿಗಳಾದರೂ ಉಳಿಯಲಿ.

ನನ್ನದು ವಿಂಡೋಸ್ 11 ಇರುವ, 8 ಜಿಬಿ ರ‍್ಯಾಮಿನ, 512 ಜಿಬಿ ಎಸ್‌ಎಸ್‌ಡಿಯ ಲ್ಯಾಪ್‌ಟಾಪ್. ಕೆಲಸಕ್ಕೆ ಬೇಕಾದ ಒಂದು ಲೆಕ್ಕಪತ್ರದ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಹೊಸದಾಗಿ ಕಲಿಯಲು ಹೊರಟ ಪ್ರೋಗ್ರಾಮಿಂಗಿನ ಪಾಠಗಳೆಲ್ಲ ಲಿನಕ್ಸ್ ಇದೆ ಎಂದುಕೊಂಡೇ ಮಾತಾಡುತ್ತವೆ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಮೊದಲು ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ಸಾಫ್ಟ್‌ವೇರ್, ಹಾಕಿ ನೋಡಿದೆ. 8 ಜಿಬಿಯಲ್ಲಿ ಅದಕ್ಕೆ 4 ಕೊಟ್ಟರೆ ವಿಂಡೋಸ್ ಏದುಸಿರು ಬಿಡುತ್ತಿತ್ತು, 2 ಕೊಟ್ಟರೆ ಉಬುಂಟು. ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಚೆನ್ನಾಗಿಯೇ ಇದೆ. ಬರೀ ಕಮಾಂಡುಗಳನ್ನು ಕಲಿಯುವುದಷ್ಟೇ ನಿಮ್ಮ ಉದ್ದೇಶವಾದರೆ ಅದನ್ನೇ ಹಾಕಿಕೊಂಡು ಈ ಬರಹವನ್ನು ಇಲ್ಲಿಗೇ ಬಿಡಬಹುದು, ಬೇಸರವಿಲ್ಲ. ನನಗೆ ಪೂರ್ತಿ ಡೆಸ್ಕ್‌ಟಾಪೇ ಬೇಕಿತ್ತು.

ಉಬುಂಟು 24.04ರ ಐಎಸ್‌ಒ ಫೈಲು (ಇನ್‌ಸ್ಟಾಲ್ ಮಾಡಲು ಬೇಕಾದದ್ದೆಲ್ಲ ಇರುವ ಒಂದೇ ಫೈಲು) ಹೆಚ್ಚುಕಡಿಮೆ 6 ಜಿಬಿ. ಇಳಿಯಲು ಮುಕ್ಕಾಲು ಗಂಟೆ ಆಯಿತು. ಇದು ಎಲ್‌ಟಿಎಸ್ ಆವೃತ್ತಿ, ಅಂದರೆ ಐದು ವರ್ಷ ಅಪ್‌ಡೇಟು ಬರುತ್ತದೆ. ಆರಾರು ತಿಂಗಳಿಗೆ ಬರುವ ಇನ್ನೊಂದು ಬಗೆಯ ಆವೃತ್ತಿಗೆ ಒಂಬತ್ತೇ ತಿಂಗಳ ಆಯಸ್ಸು. ಡ್ಯುಯಲ್ ಬೂಟ್ ಮಾಡುವವರು ಎಲ್‌ಟಿಎಸ್ಸಿಗೇ ಅಂಟಿಕೊಳ್ಳುವುದು ಒಳ್ಳೆಯದು, ಈ ಪಾಡನ್ನು ಮತ್ತೆ ಮತ್ತೆ ಪಡುವುದು ಯಾರಿಗೆ ಬೇಕು? ಇಳಿಸಿದ ಫೈಲು ಸರಿಯಾಗಿದೆಯೇ ಎಂದು ನೋಡಲು ಫೈಲಿನ ಬೆರಳಚ್ಚಿನಂತಿರುವ ಅದರ ಶಾ256 ಮೊತ್ತವನ್ನು ಉಬುಂಟು ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಬೇಕು. ವಿಂಡೋಸಿನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಕಮಾಂಡು ಅದನ್ನು ಲೆಕ್ಕ ಹಾಕಿಕೊಡುತ್ತದೆ. ಮೊದಲ ಎಂಟು, ಕೊನೆಯ ಎಂಟು ಅಕ್ಷರ ಹೊಂದಿದರೆ ನನಗೆ ಸಾಕೆನಿಸಿತು.

ಪೆನ್‌ಡ್ರೈವಿಗೆ ಬರೆಯಲು ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿದೆ. ಪಾರ್ಟಿಷನ್ ಸ್ಕೀಮ್ (ಡಿಸ್ಕಿನ ಭಾಗಗಳ ಪಟ್ಟಿ ಬರೆದಿಡುವ ಕ್ರಮ) ಜಿಪಿಟಿ, ಟಾರ್ಗೆಟ್ ಯುಇಎಫ್‌ಐ (ಈಗಿನ ಲ್ಯಾಪ್‌ಟಾಪುಗಳು ಶುರುವಾಗುವ ಬಗೆ), ಉಳಿದದ್ದನ್ನು ಅದು ತೋರಿಸಿದ ಹಾಗೇ ಬಿಟ್ಟೆ. ಪೆನ್‌ಡ್ರೈವ್ 8 ಜಿಬಿಯಾದರೂ ಇರಬೇಕು, ಮತ್ತು ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ರೂಫಸ್ ಇದನ್ನು ಎಚ್ಚರಿಸಿ ಹೇಳುತ್ತದೆ. ನಾನು ಓದದೆ ಓಕೆ ಒತ್ತಿದೆ. ಹಳೆಯ ಪ್ರವಾಸವೊಂದರ ಫೋಟೋಗಳು ಅದರಲ್ಲಿದ್ದವೆಂದು ನೆನಪಾದದ್ದು ಪಟ್ಟಿ ಅರ್ಧ ಹಸಿರಾದ ಮೇಲೆ. ಪುಣ್ಯಕ್ಕೆ ಅವುಗಳ ಪ್ರತಿ ಬೇರೆ ಕಡೆ ಇತ್ತು. ಆ ಗಳಿಗೆಯಲ್ಲೇ ನಾನು ನಿಲ್ಲಬೇಕಿತ್ತು. ಪೆನ್‌ಡ್ರೈವಿನ ವಿಷಯದಲ್ಲೇ ಇಷ್ಟು ಅಸಡ್ಡೆ ಮಾಡಿದವನು ಲ್ಯಾಪ್‌ಟಾಪಿನ ಡಿಸ್ಕಿಗೆ ಕೈಹಾಕುವ ಮೊದಲು ಒಂದು ಬ್ಯಾಕಪ್ ತೆಗೆದುಕೊಳ್ಳಬೇಡವೇ? ತೆಗೆದುಕೊಳ್ಳಲಿಲ್ಲ. "ನೋಡೋಣ ಅಷ್ಟೇ, ಇನ್ನೂ ಇನ್‌ಸ್ಟಾಲ್ ಎಲ್ಲಿ ಮಾಡ್ತಿದ್ದೀನಿ" ಅಂದುಕೊಂಡೆ.

ರೀಸ್ಟಾರ್ಟ್ ಮಾಡಿ ಎಫ್12 ಒತ್ತುತ್ತಾ ಕೂತೆ. ನನ್ನದರಲ್ಲಿ ಎಫ್12. ಬೇರೆ ಲ್ಯಾಪ್‌ಟಾಪುಗಳಲ್ಲಿ ಎಫ್2, ಎಫ್9, ಎಸ್ಕೇಪ್, ಹೀಗೆ ಒಂದೊಂದರದು ಒಂದೊಂದು. ಎರಡು ಸಲ ತಪ್ಪಿ ವಿಂಡೋಸಿಗೇ ಹೋಯಿತು. ಮೂರನೆಯ ಸಲ ಮೆನು ಬಂತು, ಪೆನ್‌ಡ್ರೈವ್ ಆರಿಸಿದೆ, ಉಬುಂಟು ಡೆಸ್ಕ್‌ಟಾಪ್ ತೆರೆದುಕೊಂಡಿತು. ಇನ್‌ಸ್ಟಾಲ್ ಮಾಡದೆ ಬರೀ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ಈ ಸೌಲಭ್ಯವನ್ನು ಬಿಡಬೇಡಿ. ವೈಫೈ ಸಿಗುತ್ತದೆಯೇ, ಸೌಂಡ್ ಬರುತ್ತದೆಯೇ, ಟಚ್‌ಪ್ಯಾಡ್ ಕೇಳುತ್ತದೆಯೇ, ಪರದೆಯ ಬೆಳಕು ಹೆಚ್ಚುಕಡಿಮೆ ಆಗುತ್ತದೆಯೇ, ಎಲ್ಲವನ್ನೂ ಇಲ್ಲೇ ಪರೀಕ್ಷಿಸಿಕೊಳ್ಳಬಹುದು. ನನಗೆ ಎಲ್ಲ ಸರಿಯಾಗಿತ್ತು. ಉಬ್ಬಿಹೋಗಿ ಇನ್‌ಸ್ಟಾಲ್ ಗುಂಡಿ ಒತ್ತಿದೆ. ನಾಲ್ಕು ಪರದೆ ದಾಟಿದ ಮೇಲೆ ಅದು ನಿಂತಿತು: ಈ ಕಂಪ್ಯೂಟರಿನಲ್ಲಿ ಇಂಟೆಲ್ ಆರ್‌ಎಸ್‌ಟಿ ಚಾಲೂ ಇದೆ, ಅದನ್ನು ಆಫ್ ಮಾಡಿ ಬನ್ನಿ.

ಆರ್‌ಎಸ್‌ಟಿ ಅಂದರೆ ಇಂಟೆಲ್‌ನ ಒಂದು ಡಿಸ್ಕ್ ವ್ಯವಸ್ಥೆ. ಹಲವು ಡಿಸ್ಕುಗಳನ್ನು ಒಟ್ಟುಗೂಡಿಸಿ ಒಂದೇ ಎಂಬಂತೆ ಬಳಸಲು ಮಾಡಿದ್ದು. ಒಂದೇ ಡಿಸ್ಕಿರುವ ಲ್ಯಾಪ್‌ಟಾಪಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ, ಆದರೂ ಅನೇಕವು ಇದನ್ನು ಹೊತ್ತುಕೊಂಡೇ ಬರುತ್ತವೆ. ಇದು ಚಾಲೂ ಇದ್ದರೆ ಉಬುಂಟು ಇನ್‌ಸ್ಟಾಲರ್ ಡಿಸ್ಕಿನ ಮೇಲೆ ಕೈಯಿಡುವುದಿಲ್ಲ. ಬಯಾಸ್‌ಗೆ, ಅಂದರೆ ವಿಂಡೋಸಿಗೂ ಮೊದಲು ಬರುವ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗುಗಳಿಗೆ, ಹೋಗಿ ಡಿಸ್ಕಿನ ಮೋಡನ್ನು ರೇಡ್ ಅಥವಾ ಆರ್‌ಎಸ್‌ಟಿ ಇದ್ದದ್ದನ್ನು ಎಎಚ್‌ಸಿಐ ಎಂಬ ಸಾಮಾನ್ಯ ಮೋಡಿಗೆ ಬದಲಿಸಬೇಕು. ಅಷ್ಟೇ ತಾನೇ ಎಂದು ಹೋಗಿ ಬದಲಿಸಿದೆ. ಎಚ್ಚರಿಕೆಯ ಸಾಲೊಂದು ಬಂತು, ಅದನ್ನೂ ಯೆಸ್ ಎಂದು ದಾಟಿದೆ. ಬದಲಾವಣೆ ಆಯಿತಲ್ಲ, ವಿಂಡೋಸ್ ಸರಿಯಾಗಿದೆಯೇ ಒಮ್ಮೆ ನೋಡಿಬಿಡೋಣ ಎಂದು ಪೆನ್‌ಡ್ರೈವ್ ಕಿತ್ತು ಆನ್ ಮಾಡಿದೆ.

ಪರದೆಯೆಲ್ಲ ನೀಲಿ. ಬಿಟ್‌ಲಾಕರ್ ರಿಕವರಿ. 48 ಅಂಕಿಗಳ ಕೀ ಟೈಪ್ ಮಾಡಿ.

ನನ್ನ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸಿನ ಎನ್‌ಕ್ರಿಪ್ಷನ್, ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಾನು ಎಂದೂ ಆನ್ ಮಾಡಿದವನಲ್ಲ. ಆಮೇಲೆ ತಿಳಿದದ್ದು: ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಅದು ತಾನಾಗಿಯೇ ಶುರುವಾಗಿರುತ್ತದೆ. ಬಯಾಸಿನಲ್ಲಿ ಏನಾದರೂ ಬದಲಾದರೆ, ಯಾರೋ ಡಿಸ್ಕಿಗೆ ಕೈಹಾಕಿದ್ದಾರೆ ಎಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತದೆ. ಅದರ ಕೆಲಸ ಅದು ಮಾಡಿತು. ನನಗೆ ಮಾತ್ರ ಕೈಕಾಲು ತಣ್ಣಗಾದವು. ಬ್ಯಾಕಪ್ ಇಲ್ಲ, ಕೀ ಎಲ್ಲಿದೆ ಗೊತ್ತಿಲ್ಲ, ಗಂಟೆ ಹನ್ನೊಂದೂಮುಕ್ಕಾಲು.

ಕೀ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ, ಫೋನಿನಲ್ಲಿ ಲಾಗಿನ್ ಆದರೆ ನೋಡಬಹುದು ಎಂದು ಗೊತ್ತಾಗಲು ಇಪ್ಪತ್ತು ನಿಮಿಷ, ಆ ಖಾತೆಯ ಪಾಸ್‌ವರ್ಡ್ ನೆನಪು ಮಾಡಿಕೊಳ್ಳಲು ಇನ್ನೂ ಇಪ್ಪತ್ತು ನಿಮಿಷ. ಒಳಗೆ ಹೋದರೆ ಅಲ್ಲಿ ಮೂರು ಕೀಗಳು! ಹಳೆಯ ಲ್ಯಾಪ್‌ಟಾಪಿನದೂ ಸೇರಿತ್ತು. ನೀಲಿ ಪರದೆಯ ಮೇಲೆ ಕೀ ಐಡಿ ಎಂದು ಎಂಟು ಅಕ್ಷರ ಕೊಟ್ಟಿರುತ್ತಾರೆ, ಅದು ಯಾವ ಸಾಲಿಗೆ ಹೊಂದುತ್ತದೋ ಅದೇ ನಿಮ್ಮ ಕೀ. ಅಷ್ಟರಲ್ಲಿ ತಂಗಿ ನೀರು ಕುಡಿಯಲು ಎದ್ದು ಬಂದವಳು ನನ್ನ ಮುಖ ನೋಡಿ ಅಲ್ಲೇ ಕೂತಳು.

"ಫೋನ್ ಕೊಡೋ ಅಣ್ಣ, ನಾನು ಓದ್ತೀನಿ. ನೀನು ಬರೀ ಟೈಪ್ ಮಾಡು."

ಆರಾರು ಅಂಕಿಯ ಎಂಟು ಗುಂಪು. ಅವಳು ಓದುವುದು, ನಾನು ಮತ್ತೆ ಹೇಳುತ್ತಾ ಒತ್ತುವುದು. ಐದನೆಯ ಗುಂಪಿನಲ್ಲಿ 7ನ್ನು ನಾನು 1 ಎಂದು ಕೇಳಿಸಿಕೊಂಡಿದ್ದೆ. ಈ ಅಂಕಿಗಳಲ್ಲೊಂದು ಗುಟ್ಟಿದೆ: ಪ್ರತಿ ಆರಂಕಿಯ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳುವವರು ಪ್ರತಿ ಗುಂಪನ್ನೂ ಕ್ಯಾಲ್ಕ್ಯುಲೇಟರಿನಲ್ಲಿ 11ರಿಂದ ಭಾಗಿಸಿ ನೋಡಿದರೆ ಅಂಕಿ ತಪ್ಪಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ನಮಗೆ ಆಗ ಇದು ಗೊತ್ತಿರಲಿಲ್ಲ, ಮೊದಲಿನಿಂದ ಮತ್ತೊಮ್ಮೆ ಓದಿದಳು.

ಕೀ ಒಪ್ಪಿತು. ಇಬ್ಬರೂ ಉಸಿರು ಬಿಟ್ಟೆವು. ಒಂದು ನಿಮಿಷ ಚುಕ್ಕಿಗಳು ಸುತ್ತಿದವು, ಮತ್ತೆ ನೀಲಿ. ಈ ಸಲ ಇನ್ನೊಂದು ಬಗೆಯ ನೀಲಿ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್.

"ಈಗೇನಾಯ್ತು?" ಅಂದಳು ತಂಗಿ. ನನಗೆ ಗೊತ್ತಿದ್ದರೆ ತಾನೇ.

ಆದದ್ದು ಇಷ್ಟು. ವಿಂಡೋಸ್ ಹಾಕಿದಾಗಿನಿಂದ ಡಿಸ್ಕನ್ನು ಆರ್‌ಎಸ್‌ಟಿಯ ಮೂಲಕವೇ ನೋಡುತ್ತಾ ಬಂದಿದೆ, ಶುರುವಾಗುವಾಗ ಅದರ ಡ್ರೈವರನ್ನಷ್ಟೇ (ಡಿಸ್ಕಿನ ಜೊತೆ ಮಾತಾಡುವ ಸಾಫ್ಟ್‌ವೇರ್) ಎತ್ತಿಕೊಳ್ಳುತ್ತದೆ. ಮೋಡ್ ಬದಲಾದ ಮೇಲೆ ಡಿಸ್ಕ್ ಅದರ ಕಣ್ಣಿಗೇ ಬೀಳಲಿಲ್ಲ. ಡಿಸ್ಕಿಗಾಗಲೀ ಫೈಲುಗಳಿಗಾಗಲೀ ಏನೂ ಆಗಿರಲಿಲ್ಲ. ಬಯಾಸಿಗೆ ಹೋಗಿ ಹಳೆಯ ಮೋಡನ್ನೇ ಮತ್ತೆ ಹಾಕಿದೆ, ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು. ಇದೇ ನೀಲಿ ಪರದೆ ನಿಮಗೂ ಬಂದರೆ ಗಾಬರಿಯಲ್ಲಿ ರೀಸೆಟ್, ರಿಪೇರಿ ಎಂದು ಸಿಕ್ಕಿದ್ದನ್ನೆಲ್ಲ ಒತ್ತಬೇಡಿ. ಕೊನೆಗೆ ಏನು ಬದಲಿಸಿದಿರೋ ಅದನ್ನು ಮೊದಲು ವಾಪಸ್ ಹಾಕಿ ನೋಡಿ. ರಾತ್ರಿ ಒಂದೂವರೆಗೆ ಮಲಗಿದೆ, ನಿದ್ದೆ ಬರಲಿಲ್ಲ.

ಶನಿವಾರ ಬುದ್ಧಿ ಬಂದಿತ್ತು. ಎದ್ದವನೇ ಹೊರಗಿನ ಹಾರ್ಡ್‌ಡಿಸ್ಕ್ ಹುಡುಕಿ ತೆಗೆದು ಬ್ಯಾಕಪ್‌ಗೆ ಹಚ್ಚಿದೆ. 180 ಜಿಬಿ, ಹಳೆಯ ಡಿಸ್ಕ್, ನಾಲ್ಕು ಗಂಟೆ. ದೊಡ್ಡ ವಿಡಿಯೋಗಳು ಬೇಗ ಹೋಗುತ್ತವೆ, ಸಣ್ಣ ಸಣ್ಣ ಸಾವಿರಾರು ಫೈಲುಗಳು ಆಮೆಯಂತೆ. ಡಾಕ್ಯುಮೆಂಟ್ಸ್, ಫೋಟೋ ಎಲ್ಲರಿಗೂ ನೆನಪಿರುತ್ತವೆ. ನಾನು ಬಿಟ್ಟೇಬಿಡುತ್ತಿದ್ದದ್ದು ಲೆಕ್ಕಪತ್ರದ ಸಾಫ್ಟ್‌ವೇರಿನ ಡೇಟಾ ಫೋಲ್ಡರ್. ಅದು ಡಾಕ್ಯುಮೆಂಟ್ಸಿನಲ್ಲಿರದೆ ಸಿ ಡ್ರೈವಿನ ಬುಡದಲ್ಲಿ ಬೇರೆಯೇ ಕೂತಿತ್ತು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನೂ ಮರೆಯಬೇಡಿ. ಬ್ಯಾಕಪ್ ಮುಗಿದ ಮೇಲೆ ಅಲ್ಲಿಂದ ಐದಾರು ಫೈಲು ತೆರೆದು ನೋಡಿ, ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ಆಮೇಲೆ ಎನ್‌ಕ್ರಿಪ್ಷನ್. ಇಲ್ಲಿ ಎರಡು ದಾರಿ. ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಬಹುದು, ಇಲ್ಲವೇ ಪೂರ್ತಿ ಆಫ್ ಮಾಡಿ ಡಿಸ್ಕನ್ನು ಬಿಚ್ಚಿಬಿಡಬಹುದು. ನಾನು ಪೂರ್ತಿ ಆಫ್ ಮಾಡಿದೆ. ಲಾಕ್ ಆದ ಡ್ರೈವಿನ ಜೊತೆ ಇನ್‌ಸ್ಟಾಲರ್ ಕಿರಿಕಿರಿ ಮಾಡುತ್ತದೆ, ಮುಂದೆ ಉಬುಂಟುವಿನ ಮೆನುವಿನ ಮೂಲಕ ವಿಂಡೋಸಿಗೆ ಹೋದಾಗ ಮತ್ತೆ ಕೀ ಕೇಳುವುದೂ ಉಂಟು. ಸೆಟ್ಟಿಂಗ್ಸಿನ ಪ್ರೈವೆಸಿ ಅಂಡ್ ಸೆಕ್ಯುರಿಟಿ ಭಾಗದಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಇರುತ್ತದೆ. ಬಿಚ್ಚಲು ಒಂದು ಗಂಟೆಗೂ ಮೇಲೆ ಹಿಡಿಯಿತು, ಆ ಹೊತ್ತಿನಲ್ಲಿ ಚಾರ್ಜರ್ ಹಾಕಿಯೇ ಇರಲಿ. ಇದಕ್ಕೊಂದು ಬೆಲೆಯಿದೆ: ಲ್ಯಾಪ್‌ಟಾಪ್ ಕಳುವಾದರೆ ಡಿಸ್ಕ್ ಕಿತ್ತು ಯಾರು ಬೇಕಾದರೂ ಓದಬಹುದು. ಹೊರಗೆ ಓಡಾಡುವಾಗ ಲ್ಯಾಪ್‌ಟಾಪ್ ಜೊತೆಗೇ ಒಯ್ಯುವವರು, ಬೇರೆಯವರ ದಾಖಲೆ ಇಟ್ಟುಕೊಳ್ಳುವವರು ಇದನ್ನು ಯೋಚಿಸಿಯೇ ತೀರ್ಮಾನಿಸಿ. ನನ್ನದು ಮೇಜು ಬಿಟ್ಟು ಕದಲುವುದಿಲ್ಲ. ಕಚೇರಿಯ ಲ್ಯಾಪ್‌ಟಾಪ್ ಆದರೆ ಕೇಳದೆ ಇದ್ಯಾವುದನ್ನೂ ಮುಟ್ಟಬೇಡಿ.

ಇನ್ನು ಆರ್‌ಎಸ್‌ಟಿಯಿಂದ ಎಎಚ್‌ಸಿಐಗೆ, ಈ ಸಲ ವಿಂಡೋಸಿಗೆ ಹೇಳಿಯೇ ಹೋಗುವುದು. ಉಪಾಯ ಸುಲಭದ್ದು. ಸಿಸ್ಟಮ್ ಕಾನ್ಫಿಗರೇಷನ್ ತೆರೆದು ಬೂಟ್ ಎಂಬಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ವಿಂಡೋಸಿಗೆ ಬಿಡದೆ ನೇರ ಬಯಾಸಿಗೆ ಹೋಗಿ ಮೋಡ್ ಬದಲಿಸಿ ಉಳಿಸಬೇಕು. ವಿಂಡೋಸ್ ಸೇಫ್ ಮೋಡಿನಲ್ಲಿ ಶುರುವಾಗುತ್ತದೆ, ಆಗ ಅದು ಸಾಮಾನ್ಯ ಡ್ರೈವರುಗಳನ್ನೆಲ್ಲ ಎತ್ತಿಕೊಳ್ಳುವುದರಿಂದ ಡಿಸ್ಕ್ ಸಿಗುತ್ತದೆ. ಆಮೇಲೆ ಟಿಕ್ ತೆಗೆದು ಮತ್ತೊಮ್ಮೆ ರೀಸ್ಟಾರ್ಟ್. ನನಗೆ ಹತ್ತೇ ನಿಮಿಷದಲ್ಲಿ ಆಯಿತು. ಒಂದು ಮಾತು: ಸೇಫ್ ಮೋಡಿನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ, ಖಾತೆಯ ಪೂರ್ತಿ ಪಾಸ್‌ವರ್ಡೇ ಬೇಕು. ಹಿಂದಿನ ರಾತ್ರಿಯ ದೆಸೆಯಿಂದ ನನಗದು ಬಾಯಿಪಾಠವಾಗಿತ್ತು.

ಭಾನುವಾರ ಬೆಳಿಗ್ಗೆ ಡಿಸ್ಕನ್ನು ಭಾಗ ಮಾಡುವ ಕೆಲಸ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಸಾಲಾಗಿ ಪೆಟ್ಟಿಗೆಗಳು. ಡಿಸ್ಕಿನ ಒಂದೊಂದು ಭಾಗವೂ ಒಂದು ಪಾರ್ಟಿಷನ್. ಮೊದಲು 100 ಎಂಬಿಯ ಇಎಫ್‌ಐ ಸಿಸ್ಟಮ್ ಪಾರ್ಟಿಷನ್. ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓದುವುದು ಇದನ್ನೇ, ವಿಂಡೋಸ್, ಲಿನಕ್ಸುಗಳನ್ನು ಶುರುಮಾಡುವ ಬೂಟ್ ಲೋಡರುಗಳೆಲ್ಲ ಇದರಲ್ಲಿರುತ್ತವೆ. ಆಮೇಲೆ ದೊಡ್ಡ ಸಿ ಡ್ರೈವ್, ಕೊನೆಗೆ ಒಂದು ರಿಕವರಿ ಪಾರ್ಟಿಷನ್. ಇಲ್ಲಿ ಕಾಣದ 16 ಎಂಬಿಯದು ಇನ್ನೊಂದಿದೆ, ವಿಂಡೋಸ್ ತನಗೆಂದು ಕಾದಿರಿಸಿಕೊಂಡದ್ದು. ಸಿ ಬಿಟ್ಟು ಉಳಿದ ಯಾವುದನ್ನೂ ಮುಟ್ಟಬಾರದು. ಹಳೆಯ ಲ್ಯಾಪ್‌ಟಾಪಿನವರು ಇಲ್ಲಿ ಇನ್ನೊಂದು ನೋಡಿಕೊಳ್ಳಬೇಕು: ಡಿಸ್ಕ್ ಜಿಪಿಟಿಯೋ ಅದಕ್ಕಿಂತ ಹಳೆಯ ಕ್ರಮವಾದ ಎಂಬಿಆರೋ ಎಂದು. ಜಿಪಿಟಿಯಲ್ಲಿ 128 ಪಾರ್ಟಿಷನ್‌ಗಳವರೆಗೆ ಮಾಡಬಹುದು, ಎಂಬಿಆರ್‌ನಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ. ಡಿಸ್ಕಿನ ಪ್ರಾಪರ್ಟೀಸಿನಲ್ಲಿ ವಾಲ್ಯೂಮ್ಸ್ ಎಂಬಲ್ಲಿ ಯಾವುದೆಂದು ಬರೆದಿರುತ್ತದೆ.

ಸಿ ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಆರಿಸಿದೆ. 285 ಜಿಬಿ ಖಾಲಿ ಇತ್ತು, 120 ತೆಗೆದುಕೊಳ್ಳುವ ಯೋಚನೆ. ವಿಂಡೋಸ್ ಲೆಕ್ಕ ಹಾಕಿ ಹೇಳಿತು: 14 ಜಿಬಿ ಕೊಡಬಲ್ಲೆ.

ಅಷ್ಟು ದೊಡ್ಡ ಖಾಲಿ ಮನೆಯಲ್ಲಿ ಒಂದು ಕೋಣೆ ಬಿಟ್ಟುಕೊಡಲಾರೆ ಅಂದ ಹಾಗಾಯಿತು. ಕಾರಣ ಜಾಗದ್ದಲ್ಲ, ಜಾಗದ ನಡುವೆ ಅಲ್ಲಲ್ಲಿ ಬೇರುಬಿಟ್ಟು ಕೂತ ಫೈಲುಗಳದ್ದು. ಶ್ರಿಂಕ್ ಮಾಡುವುದೆಂದರೆ ಪಾರ್ಟಿಷನ್ನಿನ ಬಾಲವನ್ನು ಕತ್ತರಿಸುವುದು. ಬಾಲದ ಕಡೆ ಇರುವ ಮಾಮೂಲಿ ಫೈಲುಗಳನ್ನು ವಿಂಡೋಸ್ ಮುಂದಕ್ಕೆ ಸರಿಸುತ್ತದೆ. ಕೆಲವನ್ನು ತಾನು ಓಡುತ್ತಿರುವಾಗ ಸರಿಸಲಾರದು: ಹೈಬರ್ನೇಟ್ ಫೈಲು (ನಿದ್ದೆಗೆ ಹೋಗುವಾಗ ರ‍್ಯಾಮಿನಲ್ಲಿದ್ದದ್ದನ್ನು ಉಳಿಸಿಡುವುದು), ಪೇಜ್ ಫೈಲು (ರ‍್ಯಾಮ್ ಸಾಲದಾಗ ಬಳಸುವುದು), ಸಿಸ್ಟಮ್ ರಿಸ್ಟೋರಿನ ಪ್ರತಿಗಳು, ಫೈಲುಗಳ ಪಟ್ಟಿಯಿರುವ ಎಂಎಫ್‌ಟಿಯ ತುಣುಕುಗಳು. ಇವುಗಳಲ್ಲಿ ಒಂದು ಬಾಲದ ಹತ್ತಿರ ಕೂತರೂ ಕತ್ತರಿ ಅಲ್ಲಿಗೇ ನಿಲ್ಲುತ್ತದೆ. ಯಾವ ಫೈಲು ಅಡ್ಡಬಂತು ಎಂದು ಊಹಿಸುತ್ತಾ ಕೂರಬೇಕಿಲ್ಲ. ಇವೆಂಟ್ ವ್ಯೂಅರಿನ ಅಪ್ಲಿಕೇಷನ್ ದಾಖಲೆಯಲ್ಲಿ 259ನೇ ಸಂಖ್ಯೆಯ ಇವೆಂಟ್ ಹುಡುಕಿದರೆ, ಸರಿಸಲಾಗದ ಕೊನೆಯ ಫೈಲಿನ ಹೆಸರನ್ನೇ ಅಲ್ಲಿ ಬರೆದಿಟ್ಟಿರುತ್ತದೆ. ನನ್ನದರಲ್ಲಿ ಸಿಸ್ಟಮ್ ರಿಸ್ಟೋರಿನ ಪ್ರತಿ ಇತ್ತು.

ಇವುಗಳಲ್ಲಿ ಮೊದಲ ಮೂರನ್ನೂ ಆಫ್ ಮಾಡಿದೆ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಕಮಾಂಡಿನಿಂದ ಹೈಬರ್ನೇಟ್ ತೆಗೆದೆ, ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ ಹಳೆಯ ರಿಸ್ಟೋರ್ ಪ್ರತಿಗಳನ್ನು ಅಳಿಸಿದೆ, ವರ್ಚುವಲ್ ಮೆಮೊರಿಯಲ್ಲಿ ನೋ ಪೇಜಿಂಗ್ ಫೈಲ್ ಎಂದು ಹಾಕಿ ರೀಸ್ಟಾರ್ಟ್ ಮಾಡಿದೆ. ಮತ್ತೆ ಕೇಳಿದಾಗ 150 ಜಿಬಿಗೂ ಮೇಲೆ ಕೊಡಲು ಒಪ್ಪಿತು. ಅಲ್ಲಿ ಎಂಬಿಯಲ್ಲಿ ಬರೆಯಬೇಕು: 120ನ್ನು 1024ರಿಂದ ಗುಣಿಸಿದರೆ 1,22,880. ಒತ್ತಿದೆ, ಅರ್ಧ ನಿಮಿಷದಲ್ಲಿ ಕಪ್ಪು ಪಟ್ಟಿಯ ಖಾಲಿ ಜಾಗ ಬಂತು. ಆ ಜಾಗಕ್ಕೆ ಇಲ್ಲಿ ಹೆಸರು, ಅಕ್ಷರ ಏನನ್ನೂ ಕೊಡಬೇಡಿ, ಹಾಗೇ ಬಿಡಿ. ಸಿ ಕುಗ್ಗಿಸುವ ಕೆಲಸವನ್ನು ವಿಂಡೋಸಿನಿಂದಲೇ ಮಾಡಬೇಕು, ಲಿನಕ್ಸಿನ ಜಾಗವನ್ನು ಲಿನಕ್ಸಿನಿಂದಲೇ ಮಾಡಬೇಕು. ಅವರವರ ಮನೆ ಅವರವರೇ ಕಟ್ಟಿಕೊಳ್ಳಲಿ.

ಆಮೇಲೆ ಒಳ್ಳೆಯ ಹುಡುಗನಂತೆ ಆಫ್ ಮಾಡಿದ್ದೆಲ್ಲವನ್ನೂ ಮತ್ತೆ ಆನ್ ಮಾಡಿದೆ. ಹೈಬರ್ನೇಟನ್ನೂ. ಇದು ತಪ್ಪಾಯಿತು, ಸೋಮವಾರ ಗೊತ್ತಾಯಿತು.

ಸಂಜೆ ಮತ್ತೆ ಪೆನ್‌ಡ್ರೈವ್. ಈ ಸಲ ಇನ್‌ಸ್ಟಾಲರ್ ತಕರಾರಿಲ್ಲದೆ ಮುಂದೆ ಹೋಗಿ ಕೇಳಿತು: ವಿಂಡೋಸ್ ಪಕ್ಕದಲ್ಲಿ ಹಾಕಲೇ, ಡಿಸ್ಕೆಲ್ಲ ಅಳಿಸಿ ಹಾಕಲೇ, ಅಥವಾ ನೀವೇ ಪಾರ್ಟಿಷನ್ ಮಾಡಿಕೊಳ್ಳುತ್ತೀರಾ? ಮೊದಲನೆಯದು ಸಲೀಸು. ನನಗೆ ಫೈಲುಗಳಿಗೆ ಬೇರೆ ಜಾಗ ಬೇಕಿದ್ದರಿಂದ ಮೂರನೆಯದನ್ನು ಆರಿಸಿದೆ. ಎರಡನೆಯದರ ಕಡೆ ಮೌಸನ್ನೂ ಒಯ್ಯಲಿಲ್ಲ.

ಪಟ್ಟಿ ನೋಡಿ ಮತ್ತೆ ಗಾಬರಿ. ನಾನು ಬಿಟ್ಟದ್ದು 120 ಜಿಬಿ, ಅಲ್ಲಿ ತೋರಿಸುತ್ತಿದ್ದದ್ದು 128.85. ಬೇರೆ ಯಾವುದನ್ನೋ ಖಾಲಿ ಎಂದು ತಿಳಿದಿದೆಯೇ? ಕಾಗದ ತೆಗೆದುಕೊಂಡು ಲೆಕ್ಕ ಹಾಕಿದ ಮೇಲೆ ಸಮಾಧಾನವಾಯಿತು. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಇನ್‌ಸ್ಟಾಲರ್ 1000ದ ಲೆಕ್ಕದಲ್ಲಿ. ಜಾಗ ಒಂದೇ, ಅಳತೆಗೋಲು ಬೇರೆ. 512 ಜಿಬಿ ಎಂದು ಕೊಂಡ ಡಿಸ್ಕನ್ನು ವಿಂಡೋಸ್ 476 ಎಂದು ತೋರಿಸುವುದೂ ಇದೇ ಕಾರಣಕ್ಕೆ. ಹಾಗಾಗಿ 100 ಎಂಬಿಯ ಇಎಫ್‌ಐ ಇಲ್ಲಿ 105 ಎಂಬಿಯಾಗಿ ಕಾಣುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಗುರುತು ಹಿಡಿಯುವುದು ಸುಲಭ, ಏಕೆಂದರೆ ಇಲ್ಲಿ ಸಿ, ಡಿ ಎಂಬ ಅಕ್ಷರಗಳಿರುವುದಿಲ್ಲ. ಎನ್‌ವಿಎಂಇ ಎಂದು ಶುರುವಾಗಿ ಪಿ1, ಪಿ2, ಪಿ3 ಎಂದು ಮುಗಿಯುವ ಉದ್ದುದ್ದ ಹೆಸರುಗಳಷ್ಟೇ. ಶುರುಮಾಡುವ ಮೊದಲೇ ಡಿಸ್ಕ್ ಮ್ಯಾನೇಜ್‌ಮೆಂಟಿನ ಫೋಟೋವೊಂದನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಭಯ ಹೋಗುತ್ತದೆ.

ಖಾಲಿ ಜಾಗದಲ್ಲಿ ಎರಡು ಮಾಡಿದೆ: 40 ಜಿಬಿ ರೂಟ್, ಮಿಕ್ಕದ್ದೆಲ್ಲ ಹೋಮ್, ಎರಡೂ ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟಿನಲ್ಲಿ. ರೂಟ್ ಎಂದರೆ ಉಬುಂಟು ಕೂರುವ ಜಾಗ, ಹೋಮ್ ನಮ್ಮ ಫೈಲುಗಳ ಜಾಗ. ನಾಳೆ ಉಬುಂಟುವನ್ನು ಹೊಸದಾಗಿ ಹಾಕಬೇಕಾದರೆ ಹೋಮನ್ನು ಮುಟ್ಟದೆ ಉಳಿಸಿಕೊಳ್ಳಬಹುದು. ರ‍್ಯಾಮ್ ಸಾಲದಾಗ ಲಿನಕ್ಸ್ ಬಳಸುವ ಸ್ವಾಪ್‌ಗೆ ಬೇರೆ ಪಾರ್ಟಿಷನ್ ಮಾಡಿ ಎಂದು ಹಳೆಯ ಪಾಠಗಳಲ್ಲಿ ಹೇಳಿರುತ್ತಾರೆ. ಉಬುಂಟು 17.04ರಿಂದ ಅದಕ್ಕೆ ಒಂದು ಫೈಲನ್ನೇ ಬಳಸುತ್ತದೆ, ನಾನು ಮಾಡಲಿಲ್ಲ. ಹೊಸ ಇಎಫ್‌ಐ ಪಾರ್ಟಿಷನ್ ಕೂಡ ಬೇಕಿಲ್ಲ, ಇದ್ದದ್ದನ್ನೇ ಉಬುಂಟು ಹಂಚಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಫಾರ್ಮ್ಯಾಟ್ ಎಂಬ ಚೌಕವಿದ್ದರೆ ಅದು ಖಾಲಿಯಾಗಿಯೇ ಇರಬೇಕು. ಅದಕ್ಕೆ ಟಿಕ್ ಬಿದ್ದರೆ ವಿಂಡೋಸಿನ ಬೂಟ್ ಲೋಡರ್ ಹೋಯಿತು.

ಕೊನೆಯ ಪರದೆಯಲ್ಲಿ ಏನೇನು ಬದಲಾಗುತ್ತದೆ ಎಂಬ ಪಟ್ಟಿ ಕೊಡುತ್ತದೆ. ಆ ಐದಾರು ಸಾಲನ್ನು ನಾನು ಬ್ಯಾಂಕಿನ ಸಾಲದ ಕಾಗದ ಓದುವ ಹಾಗೆ ಬೆರಳಿಟ್ಟು ಓದಿದೆ. ತಂಗಿಯನ್ನು ಕರೆದು ಓದಿಸಿದೆ. "ಫಾರ್ಮ್ಯಾಟ್ ಅಂತ ಎಲ್ಲೆಲ್ಲಿದೆ ಹೇಳು." "ಎರಡೇ ಕಡೆ ಇದೆ ಕಣೋ. ಎರಡೂ ಹೊಸದೇ." ಒತ್ತಿದೆ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು.

ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ನೇರ ವಿಂಡೋಸ್. ಉಬುಂಟುವಿನ ಸುಳಿವೇ ಇಲ್ಲ. ಮೂರು ದಿನದಲ್ಲಿ ಎಷ್ಟು ಬಳಲಿದ್ದೆನೆಂದರೆ ಇದಕ್ಕೆ ಗಾಬರಿಯೂ ಆಗಲಿಲ್ಲ. ಬಯಾಸಿನ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಮೇಲಿತ್ತು, ಉಬುಂಟು ಕೆಳಗಿತ್ತು. ಉಬುಂಟುವನ್ನು ಮೇಲಕ್ಕೆ ತಂದೆ, ಅದರ ಬೂಟ್ ಲೋಡರಾದ ಗ್ರಬ್‌ನ ಮೆನು ಬಂತು: ಮೊದಲ ಸಾಲು ಉಬುಂಟು, ಕೆಳಗೆ ವಿಂಡೋಸ್. ಮೆನುವಿನಲ್ಲಿ ವಿಂಡೋಸ್ ಕಾಣದಿದ್ದವರು ಹೆದರಬೇಕಿಲ್ಲ. ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್ ಪ್ರೋಬರನ್ನು ಮೊದಲಿಂದಲೇ ಆಫ್ ಮಾಡಿಟ್ಟಿರುತ್ತಾರೆ. ಗ್ರಬ್ಬಿನ ಸೆಟ್ಟಿಂಗ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಅಪ್‌ಡೇಟ್ ಗ್ರಬ್ ಓಡಿಸಿದರೆ ಆ ಸಾಲು ಬರುತ್ತದೆ.

ಸೋಮವಾರ ಕೆಲಸ ಮುಗಿಸಿ ಬಂದು ಉಳಿದ ಕಿರುಕುಳಗಳನ್ನು ತೀರಿಸಿದೆ. ಗ್ರಾಫಿಕ್ಸ್ ಕಾರ್ಡಿಗೆ ಹೊರಗಿನ ಡ್ರೈವರ್ ಹಾಕುವಾಗ ಸೆಕ್ಯೂರ್ ಬೂಟ್ (ಒಪ್ಪಿದ ಸಹಿಯಿಲ್ಲದ ಸಾಫ್ಟ್‌ವೇರನ್ನು ಶುರುವಿನಲ್ಲೇ ತಡೆಯುವ ವ್ಯವಸ್ಥೆ) ಇರುವುದರಿಂದ ಒಂದು ಪಾಸ್‌ವರ್ಡ್ ಇಡಿ ಎಂದು ಕೇಳಿತು, ಇಟ್ಟೆ. ರೀಸ್ಟಾರ್ಟ್ ಆಗುವಾಗ ಮತ್ತೆ ಒಂದು ನೀಲಿ ಪರದೆ. ನೀಲಿ ಕಂಡರೆ ಬೆಚ್ಚುವ ಅಭ್ಯಾಸವಾಗಿತ್ತಲ್ಲ, ಏನೂ ಮುಟ್ಟದೆ ಕೈಕಟ್ಟಿ ಕೂತೆ. ಹತ್ತು ಸೆಕೆಂಡಿನಲ್ಲಿ ಅದು ತಾನೇ ಹೋಯಿತು, ಡ್ರೈವರ್ ಮಾತ್ರ ಓಡಲಿಲ್ಲ. ಅದು ತೊಂದರೆಯ ಪರದೆಯೇ ಅಲ್ಲ, ಡ್ರೈವರಿನ ಸಹಿಯನ್ನು ನೀವೇ ಒಪ್ಪಿದ್ದೀರಾ ಎಂದು ಕೇಳುವ ಮಾಕ್ ಪರದೆ. ಯಾವುದಾದರೂ ಕೀ ಒತ್ತಿ, ಎನ್ರೋಲ್ ಮಾಕ್ ಆರಿಸಿ, ಆ ಪಾಸ್‌ವರ್ಡ್ ಕೊಡಬೇಕಿತ್ತು. ಮಾಕ್‌ಯುಟಿಲ್ ಕಮಾಂಡಿನಿಂದ ಮತ್ತೆ ಕೋರಿಕೆ ಹಾಕಿ, ಈ ಸಲ ಬೆರಳನ್ನು ಕೀಬೋರ್ಡಿನ ಮೇಲೇ ಇಟ್ಟುಕೊಂಡು ಕಾದೆ.

ಸಿ ಡ್ರೈವನ್ನು ಉಬುಂಟುವಿನಿಂದ ತೆರೆದರೆ ಓದಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಭಾನುವಾರ ಹೈಬರ್ನೇಟನ್ನು ಮತ್ತೆ ಆನ್ ಮಾಡಿದ್ದರ ಫಲ ಇದು. ಅದರ ಬೆನ್ನಿಗೇ ಫಾಸ್ಟ್ ಸ್ಟಾರ್ಟಪ್ ಕೂಡ ಜೀವ ತಳೆದಿತ್ತು. ಅದು ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡ್ರೈವನ್ನು ಹಿಡಿದುಕೊಂಡೇ ಇರುತ್ತದೆ. ಅಂಥ ಡ್ರೈವಿಗೆ ಬೇರೆಯವರು ಬರೆದರೆ ಫೈಲು ಕೆಡುವ ಅಪಾಯವಿದೆಯೆಂದು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ. ಒತ್ತಾಯ ಮಾಡಿ ಬರೆಯುವ ಕಮಾಂಡುಗಳನ್ನು ಹುಡುಕಬೇಡಿ, ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ.

ಗಡಿಯಾರದ್ದು ಕೊನೆಯದು. ಉಬುಂಟುವಿನಿಂದ ವಿಂಡೋಸಿಗೆ ಹೋದಾಗಲೆಲ್ಲ ಸಮಯ ಗಂಟೆಗಟ್ಟಲೆ ತಪ್ಪುತ್ತಿತ್ತು. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ತಿಳಿಯುತ್ತದೆ, ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಎಂದು ಲಿನಕ್ಸ್ ತಿಳಿಯುತ್ತದೆ. ಇಬ್ಬರೂ ಒಂದೇ ಮುಳ್ಳನ್ನು ತಮ್ಮ ತಮ್ಮ ಕಡೆಗೆ ತಿರುಗಿಸುತ್ತಾರೆ. ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ಉಬುಂಟುವಿಗೂ ಸ್ಥಳೀಯ ಸಮಯವನ್ನೇ ಒಪ್ಪಿಸಿದೆ. ಇದು ಅಷ್ಟು ಶುದ್ಧವಾದ ದಾರಿಯಲ್ಲವೆಂದು ಅದೇ ಎಚ್ಚರಿಸುತ್ತದೆ. ವಿಂಡೋಸಿನ ಒಳಸೆಟ್ಟಿಂಗುಗಳಿರುವ ರಿಜಿಸ್ಟ್ರಿ ತಿದ್ದಿ ಅದನ್ನೇ ಯುಟಿಸಿಗೆ ತರುವುದು ಹೆಚ್ಚು ಸರಿ. ನನಗೆ ಆ ಹೊತ್ತಿಗೆ ರಿಜಿಸ್ಟ್ರಿ ತೆರೆಯುವ ಧೈರ್ಯ ಉಳಿದಿರಲಿಲ್ಲ.

ಖರ್ಚು ಏನಾಯಿತು ಎಂದು ಕೇಳುವವರಿಗೆ: ದುಡ್ಡು ಏನೂ ಇಲ್ಲ, ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ಎರಡೂ ಮನೆಯಲ್ಲೇ ಇದ್ದವು. ಈಗ ಮಾಡುವುದಾದರೆ ನಾನು ಹಿಡಿಯುವ ದಾರಿ ಇದು: ಬ್ಯಾಕಪ್, ಬಿಟ್‌ಲಾಕರ್ ಕೀ ಕಾಗದದ ಮೇಲೆ, ಎನ್‌ಕ್ರಿಪ್ಷನ್ ಆಫ್, ಸೇಫ್ ಮೋಡಿನ ಮೂಲಕ ಎಎಚ್‌ಸಿಐ, ಹೈಬರ್ನೇಟ್ ಆಫ್ ಮಾಡಿದ್ದನ್ನು ಹಾಗೇ ಬಿಟ್ಟು ಶ್ರಿಂಕ್, ಇಷ್ಟಾದ ಮೇಲೆ ಪೆನ್‌ಡ್ರೈವ್. ಬ್ಯಾಕಪ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಂದು ಮಧ್ಯಾಹ್ನದ ಕೆಲಸ.

ಆ ಪೆನ್‌ಡ್ರೈವನ್ನು ಅಳಿಸದೆ ಡ್ರಾಯರಿನಲ್ಲಿ ಇಟ್ಟಿದ್ದೇನೆ. ವಿಂಡೋಸಿನ ದೊಡ್ಡ ಅಪ್‌ಡೇಟುಗಳ ನಂತರ ಬೂಟ್ ಪಟ್ಟಿಯಲ್ಲಿ ವಿಂಡೋಸ್ ಮತ್ತೆ ಮೇಲೆ ಬಂದು ಕೂರುವುದುಂಟು, ಆಗ ಬಯಾಸಿನಲ್ಲಿ ಸರಿಮಾಡಿದರೆ ಸಾಕು. ಆದರೆ 2024ರ ಆಗಸ್ಟಿನಲ್ಲಿ ಬಂದ ಒಂದು ಭದ್ರತಾ ಅಪ್‌ಡೇಟಿನಿಂದ ಎಷ್ಟೋ ಡ್ಯುಯಲ್ ಬೂಟ್ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಲಿನಕ್ಸನ್ನೇ ತಡೆದುಬಿಟ್ಟಿತ್ತು. ಅಂಥ ದಿನ ಬಂದರೆ ಹೊರಗಿನಿಂದ ಬೂಟ್ ಮಾಡಲು ಏನಾದರೂ ಕೈಯಲ್ಲಿರಬೇಕು. ಮುಂದೆ ಉಬುಂಟು ಬೇಡವೆನಿಸಿದರೂ ಅದರ ಪಾರ್ಟಿಷನ್ನನ್ನು ನೇರವಾಗಿ ಅಳಿಸಬಾರದು. ಮೊದಲು ಬಯಾಸಿನಲ್ಲಿ ವಿಂಡೋಸನ್ನು ಮೇಲೆ ತಂದು, ಅದು ತಾನೇ ಶುರುವಾಗುತ್ತದೆಂದು ಖಾತ್ರಿ ಮಾಡಿಕೊಂಡು ಆಮೇಲೆ ಅಳಿಸುವುದು. ಇಲ್ಲದಿದ್ದರೆ ಗ್ರಬ್ ತನ್ನ ಮನೆ ಹುಡುಕುತ್ತಾ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ.

ಬೆರಳಚ್ಚಿನ ಲಾಗಿನ್ ಉಬುಂಟುವಿನಲ್ಲಿ ಇನ್ನೂ ನಡೆಯುತ್ತಿಲ್ಲ, ಪಾಸ್‌ವರ್ಡೇ ಗತಿ. ಬ್ಯಾಟರಿಯೂ ವಿಂಡೋಸಿನಲ್ಲಿ ಬರುವುದಕ್ಕಿಂತ ಅರ್ಧ ಗಂಟೆ ಕಡಿಮೆ ಬರುತ್ತಿದೆ. ಎರಡನ್ನೂ ಮುಂದಿನ ಶನಿವಾರಕ್ಕೆ ಇಟ್ಟುಕೊಂಡಿದ್ದೇನೆ, ಬೆಳಿಗ್ಗೆಯೇ ಶುರು ಮಾಡುತ್ತೇನೆ.